ಮೇಲಕ್ಕೆ ಹೋದ ಮಾತು

ಮೊನ್ನೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ರಾಮಾಪುರದ ಬಸ್ಸು ಹತ್ತಿ ಕೂತಿದ್ದೆ. ಪಕ್ಕಕ್ಕೆ ಬಂದು ಕೂತ ಹೆಂಗಸಿನ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಮುಚ್ಚಳ ಸರಿಯಾಗಿ ಕೂರದ ಒಂದು ಬಾಟಲಿ. ಬಸ್ಸು ಒಂದು ಗುಂಡಿಗೆ ಇಳಿದು ಎದ್ದದ್ದೇ ತಡ, ವಾಸನೆ ಮೂಗಿಗೆ ಬಡಿಯಿತು. ಬೆಳ್ಳುಳ್ಳಿ, ಕರ್ಪೂರ, ಜೊತೆಗೆ ಯಾವುದೋ ಸುಟ್ಟ ಬೇರು. ಪಾರ್ಶ್ವವಾಯು ಬಡಿದವರಿಗೆ ಹಚ್ಚುವ ಎಣ್ಣೆ.

"ಯಾರಿಗವ್ವ?" ಎಂದೆ.

"ನಮ್ಮೆಜಮಾನ್ರಿಗೆ ಕಣವ್ವ. ಬಲಗೈ ಓಗ್ಬುಟ್ಟದೆ."

"ಮಾತು?"

"ಮಾತ್ಗೇನು, ನನ್ನ ಬಯ್ಯಕಂತೂ ಬತ್ತದೆ" ಎಂದು ಅವಳು ನಕ್ಕಳು. ನಾನೂ ನಕ್ಕೆ. ಆದರೆ ಹನೂರು ದಾಟುವವರೆಗೂ ನನ್ನ ಮನಸ್ಸು ಆ ಬಸ್ಸಿನಲ್ಲಿರಲಿಲ್ಲ, ಮುಳ್ಳೂರಿನಲ್ಲಿತ್ತು.

ಕೆಲವು ವರ್ಷಗಳ ಹಿಂದೆ, ಆಷಾಢದಿಂದ ಸಂಕ್ರಾಂತಿಯವರೆಗೆ ಮುಳ್ಳೂರಿನ ನಮ್ಮ ದೊಡ್ಡವ್ವನ ಮನೆಯ ಗೋಡೆಗೂ ದಿಂಬಿಗೂ ಇದೇ ವಾಸನೆ ಹತ್ತಿತ್ತು. ನಾನು ಆಗಲೂ ಈಗಿನಂತೆ ರಾಮಾಪುರದ ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ನೇರ ಮುಳ್ಳೂರು. ಸೋಮವಾರ ಅಲ್ಲಿಂದಲೇ ಶಾಲೆಗೆ ಹೋದರೆ ಮೊದಲ ಬೆಂಚಿನ ಹುಡುಗಿಯರು ಮೂಗಿಗೆ ಲಂಗದ ತುದಿ ಹಿಡಿದುಕೊಂಡು ಪಾಠ ಕೇಳುತ್ತಿದ್ದರು. ಆ ವರ್ಷ ಏನೇನಾಯಿತು ಎಂದು ಕೇಳಿದರೆ ಒಂದೊಂದನ್ನೂ ಹೇಳಬಲ್ಲೆ. ಆದದ್ದು ಸರಿಯೋ ತಪ್ಪೋ ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ.

ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ, ಪುಟ್ಟಮಾದಮ್ಮ. ನಮ್ಮ ಕಡೆ ಸುಮ್ಮನೆ ಒಂದು ಕಲ್ಲೆಸೆದರೂ ಅದು ಒಬ್ಬ ಮಾದೇಶನಿಗೋ ಮಾದಮ್ಮನಿಗೋ ತಾಗುತ್ತದೆ. ಎಲ್ಲರೂ ಬೆಟ್ಟದ ಮಾದಪ್ಪನ ಹೆಸರಿನವರೇ. ದೊಡ್ಡವ್ವನ ತವರು ಹನೂರು. ನಾನು ಹೈಸ್ಕೂಲು ಓದಿದ್ದೆಲ್ಲ ಅವಳ ಮನೆಯಲ್ಲಿದ್ದುಕೊಂಡು, ಅವಳ ಕೈಯ ಮುದ್ದೆ ತಿಂದು, ಅವಳ ಬೈಗುಳ ಕೇಳಿಕೊಂಡು. ಅವಳ ಮಗ ಮಾದೇಶಣ್ಣ ಗದ್ದೆ ಕೆಲಸದವನು, ಬಾಯಿ ಜೋರು, ಮನಸ್ಸು ಮೆತ್ತಗೆ. ಸೊಸೆ ರತ್ನ ನನಗಿಂತ ಒಂದೆರಡು ವರ್ಷಕ್ಕೆ ಹಿರಿಯಳು. ಅತ್ತೆ ಸೊಸೆ ಇಬ್ಬರೂ ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಜಗಳವಾಡಿಕೊಂಡು ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣದ ಜಾತಿ.

ಸುತ್ತಿನ ಹತ್ತು ಊರಿಗೆ ದೊಡ್ಡವ್ವ ಸೋಬಾನೆ ಹಾಡುವವಳು. ಮದುವೆಯ ಚಪ್ಪರವಿರಲಿ, ಮೈನೆರೆದ ಹುಡುಗಿಗೆ ಆರತಿ ಎತ್ತುವುದಿರಲಿ, ಅವಳೂ ಅವಳ ಜೊತೆಗಾತಿ ಗೌರಮ್ಮನೂ ಹೋಗಿ ಕೂತರೇ ಶಾಸ್ತ್ರ ಶುರು. ಅದಕ್ಕೊಂದು ಕಟ್ಟುನಿಟ್ಟು ಇತ್ತು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕರೆಯಬೇಕು. ಅವಳು ಎಲೆ ಅಡಿಕೆ ಎತ್ತಿಕೊಂಡರೆ ಒಪ್ಪಿದಳೆಂದು ಅರ್ಥ. ತಟ್ಟೆಯನ್ನು ವಾಪಸ್ಸು ಸರಿಸಿದರೆ ಮುಗಿಯಿತು, ಜಪ್ಪಯ್ಯ ಅಂದರೂ ಬಾಯಿ ತೆರೆಯುವುದಿಲ್ಲ. ಊರಿನ ಯಜಮಾನರ ಮನೆಯ ತಟ್ಟೆಯನ್ನೇ ಒಮ್ಮೆ ಸರಿಸಿ ಎದ್ದು ಬಂದವಳು.

ಓದು ಬರಹ ಬಾರದ ಅವಳಿಗೆ ಮಾದೇಶಣ್ಣ ಕೊಳ್ಳೇಗಾಲದ ಅಂಗಡಿಯಲ್ಲಿ ಒಂದು ಟಚ್ ಫೋನು ಕೊಡಿಸಿದ್ದ. ಅಂಗಡಿಯವನನ್ನು ಎಲ್ಲರೂ ಸೇಟು ಎನ್ನುತ್ತಿದ್ದರು. ರಾಜಸ್ಥಾನದವನು, ಹುಡುಗನಾಗಿದ್ದಾಗಲೇ ಬಂದು ನಮ್ಮ ಕಡೆಯ ಗಿರಾಕಿಗಳ ಬಾಯಿಂದಲೇ ಕನ್ನಡ ಕಲಿತವನು, ಹಾಗಾಗಿ ಹಕಾರ ಅವನಿಗೂ ಇಲ್ಲ. ದನಿ ಹಿಡಿದಿಡುವ ಒಂದು ಆ್ಯಪನ್ನು ಅವನೇ ಫೋನಿಗೆ ಹಾಕಿಕೊಟ್ಟು, "ಈ ಕೆಂಪು ಬೊಟ್ಟು ಒತ್ತಿ ಮಾತಾಡಜ್ಜಿ" ಎಂದಿದ್ದನಂತೆ. ಅಲ್ಲಿಂದ ಶುರುವಾಯಿತು. ದಿನಾ ಹೊತ್ತು ಇಳಿಯುವಾಗ ದೊಡ್ಡವ್ವ ಫೋನು ಹಿಡಿದು ಹಿತ್ತಲಿನ ನುಗ್ಗೆ ಮರದ ಕೆಳಗೆ ಹೋಗಿ ಕೂರುವಳು. ಹಾಡು ಹಿಡಿದಿಡುತ್ತಿದ್ದಾಳೆ ಎಂದು ನಾವೆಲ್ಲ ತಿಳಿದೆವು. ಹತ್ತಿರ ಹೋದರೆ ಸುಮ್ಮನಾಗುತ್ತಿದ್ದಳು. ಇನ್ನೂ ಪೂರ್ತಿ ಕಟ್ಟಿಲ್ಲದ ಹಾಡಿರಬೇಕು ಎಂದುಕೊಂಡು ನಾವು ದೂರವೇ ಇದ್ದೆವು.

ಆ ಆಷಾಢದಲ್ಲಿ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟು ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿತ್ತು. ನಮ್ಮಲ್ಲಿ ಮಳೆ ಮಾತ್ರ ಇಲ್ಲ, ಬರೀ ಗಾಳಿ, ಮೋಡ. ಕಾಲುವೆ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ದೊಡ್ಡವ್ವ ಒಂದು ಸೀರೆಯನ್ನು ಹಿಂಡಲು ಹೋಗಿ ಹಾಗೇ ನೀರಿಗೆ ವಾಲಿದಳು. ಪಕ್ಕದಲ್ಲಿದ್ದ ರತ್ನ ಜುಟ್ಟು ಹಿಡಿದು ಎಳೆದದ್ದರಿಂದ ಜೀವ ಉಳಿಯಿತು. ಮಡಿಲಲ್ಲಿದ್ದ ಫೋನು ನೀರು ಕುಡಿದು ಸತ್ತಿತು. ಕೊಳ್ಳೇಗಾಲದ ಆಸ್ಪತ್ರೆ, ಅಲ್ಲಿಂದ ಮೈಸೂರು. ವಾಪಸ್ಸು ಬಂದಾಗ ಬಲಗೈ ಜೋತು ಬಿದ್ದಿತ್ತು, ಬಾಯಿಯ ಒಂದು ಮೂಲೆ ಇಳಿದಿತ್ತು. ಮಾತು ಇರಲಿಲ್ಲ. ಇದ್ದದ್ದು ಒಂದೇ ಸದ್ದು: "ಊಂ."

ಸದ್ದು ಒಂದೇ ಆದರೆ ಪರವಾಗಿಲ್ಲ, ತಲೆಯಾಡಿಸಿಯಾದರೂ ಹೇಳಬಹುದಲ್ಲ ಎಂದು ನೀವು ಕೇಳಬಹುದು. ಅಲ್ಲೇ ಇದ್ದದ್ದು ಪೇಚು. "ಟೀ ಕುಡೀತೀರಾ ಅತ್ತೆ?" ಎಂದು ರತ್ನ ಕೇಳಿದರೆ ದೊಡ್ಡವ್ವ ಹೌದೆಂದು ತಲೆಯಾಡಿಸುವಳು. ತಂದು ಕೊಟ್ಟರೆ ಲೋಟವನ್ನು ತಳ್ಳುವಳು. ಬೇಡವೆಂದು ತಲೆ ಅಲ್ಲಾಡಿಸಿದ ಮೇಲೆ ಲೋಟ ತೆಗೆದುಕೊಂಡು ಹೊರಟರೆ ಕಣ್ಣಲ್ಲಿ ನೀರು. ಈ ಕಾಯಿಲೆಯಲ್ಲಿ ಹೌದು ಮತ್ತು ಇಲ್ಲ ಎರಡೂ ಅದಲುಬದಲಾಗುತ್ತವೆ, ಮನಸ್ಸಿನಲ್ಲಿರುವುದು ಒಂದು, ತಲೆ ಆಡುವುದು ಇನ್ನೊಂದು ಎಂದು ಡಾಕ್ಟರು ಹೇಳಿದ್ದರು. ಕೆಲವು ಸಲ ಸರಿಯಾಗಿಯೂ ಇರುತ್ತದಂತೆ. ಯಾವಾಗ ಸರಿ, ಯಾವಾಗ ಉಲ್ಟಾ ಎಂಬುದು ಯಾರಿಗೂ ಗೊತ್ತಾಗುವುದಿಲ್ಲವಂತೆ. ಎಷ್ಟು ಬಾಯಿಯವಳಾಗಿದ್ದಳು ನಮ್ಮ ದೊಡ್ಡವ್ವ!

ಯಳಂದೂರಿನ ಒಂದು ಚಿಕಿತ್ಸಾಲಯಕ್ಕೆ ವಾರಕ್ಕೊಮ್ಮೆ ಮಾತು ಕಲಿಸುವ ಡಾಕ್ಟರು ಬರುತ್ತಾರೆಂದು ಯಾರೋ ಹೇಳಿದರು. ಕರೆದುಕೊಂಡು ಹೋದೆವು. ಇನ್ನೂ ಕಾಲೇಜು ಹುಡುಗಿಯ ಹಾಗಿದ್ದರು ಆಕೆ. ದೊಡ್ಡವ್ವ ಸೋಬಾನೆಯವಳೆಂದು ಕೇಳಿದ್ದೇ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ತಲೆಯೊಳಗೆ ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ. ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತೆ. ಹಾಡಿನ ದಾರಿ ಹಿಡಿದು ಮಾತನ್ನೂ ಸ್ವಲ್ಪ ಸ್ವಲ್ಪ ವಾಪಸ್ ತರಬಹುದು. ಇವರೇ ಹಾಡಿದ್ದು ಏನಾದರೂ ಇದ್ದರೆ ದಿನಾ ಕೇಳಿಸಿ. ತಡ ಮಾಡಬೇಡಿ, ಮೊದಲ ಕೆಲವು ತಿಂಗಳೇ ಮುಖ್ಯ" ಎಂದರು.

ಮಾದೇಶಣ್ಣನ ಮುಖ ಅರಳಿತು. "ಐತಲ್ಲ ಮೇಡಂ! ನಮ್ಮವ್ವ ದಿನಾ ಪೋನಿಗೆ ಆಡ್ತಿತ್ತು" ಎಂದ. ವಾಪಸ್ಸು ಬರುವಾಗ ನೇರ ಸೇಟುವಿನ ಅಂಗಡಿಗೆ ಹೋದೆವು. ಸೇಟು ಸತ್ತ ಫೋನಿನ ಬೆನ್ನು ಬಿಚ್ಚಿದ. ಒಳಗೆ ಕಾಲುವೆಯ ಕೆಸರು.

"ಪೋನು ಓಯ್ತು ಮೇಡಂ. ಆಡು ಓಗಿಲ್ಲ. ಅಜ್ಜಿ ಮಾತಾಡಿದ್ದೆಲ್ಲ ಆವತ್ತಾವತ್ತೇ ಮ್ಯಾಲಕ್ಕೋಯ್ತಿತ್ತು. ಅಲ್ಲಿ ಬದ್ರವಾಗದೆ" ಎಂದ.

ಮಾದೇಶಣ್ಣ ಅಂಗಡಿಯ ತಗಡಿನ ಸೂರು ನೋಡಿದ. "ಎಲ್ಲಿಗೆ?"

"ಮ್ಯಾಲಕ್ಕೆ. ಕ್ಲೌಡು ಅಂತಾರಲ್ಲ, ಮೋಡ. ಕಂಪ್ನಿಯೋರು ಇಟ್ಕಂಡಿರ್ತಾರೆ."

"ನಮ್ಮವ್ವನ ಆಡ ಅವ್ರ್ಯಾಕ್ಲಾ ಇಟ್ಕಂಡವ್ರೆ?"

"ನಾವು ಇಟ್ಕಂಡ್ರೆ ಕಳ್ದೋಯ್ತದಲ್ಲ ಸಾ, ಅದ್ಕೆ."

ನಮ್ಮ ಕೈಯಲ್ಲಿದ್ದದ್ದು ಕಳೆದುಹೋದದ್ದಂತೂ ನಿಜ. ಇಷ್ಟರ ನಡುವೆ ಅವರಿಬ್ಬರ ಬಾಯಲ್ಲೂ ಹಾಡು ಆಡಾಗಿ ಮೇಯುತ್ತಿದೆಯಲ್ಲ ಎಂದು ನನ್ನೊಳಗಿನ ಟೀಚರು ಗೊಣಗುತ್ತಿದ್ದಳು. ರಾಮಾಪುರದಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದ್ದೇ ಹಸುವನ್ನು ಅಸು, ಹಾಲನ್ನು ಆಲು ಎಂದು ಬರೆಯುವ ಮಕ್ಕಳಿಗೆ ಕೆಂಪು ಶಾಯಿಯಲ್ಲಿ ಹಕಾರ ಹಚ್ಚುವುದರಲ್ಲಿ.

ಹೊಸ ಫೋನು ಕೊಂಡೆವು. ಅದೇ ಆ್ಯಪು ಹಾಕಿದೆವು. ಪಾಸ್‌ವರ್ಡು ಸೇಟುವಿಗೂ ಮರೆತಿತ್ತು. ಮರೆತವರಿಗೆ ಅಲ್ಲೊಂದು ಪ್ರಶ್ನೆ ಇತ್ತು: ನೀವು ಹುಟ್ಟಿದ ಊರು? ಉತ್ತರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. "ಅಜ್ಜಿ ಏನ್ ಯೋಳ್ತೋ ಅದ್ನೇ ಆಕಿದ್ದೀನಿ" ಎಂದ ಸೇಟು. ಹನೂರು ಎಂದು ನಾನು ಒತ್ತಿದೆ. ತಪ್ಪು. ಒಂದು ಅಕ್ಷರ ಸೇರಿಸಿದೆ, ಒಂದು ಬಿಟ್ಟೆ. ತಪ್ಪು. ಇವತ್ತಿನ ಅವಕಾಶ ಮುಗಿದಿದೆ, ನಾಳೆ ಬನ್ನಿ ಎಂದಿತು ಫೋನು. ತಾಲ್ಲೂಕು ಕಚೇರಿಯ ಗುಮಾಸ್ತನ ಮಾತಿನ ಹಾಗೇ ಇತ್ತು.

ಮಾರನೇ ದಿನ ಮನೆಯಲ್ಲಿ ಚರ್ಚೆ. ಹುಟ್ಟಿದ ಊರು ಎಂದರೆ ಯಾವುದು? ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುವವರು. ದೊಡ್ಡವ್ವ ಬೆಳೆದದ್ದು ಹನೂರು, ಹುಟ್ಟಿದ್ದು ಅವಳ ಅವ್ವನ ತವರಾದ ಬಂಡಳ್ಳಿಯಲ್ಲಿ ಎಂದು ಗೌರಮ್ಮ ಹೊಸ ಬಾಂಬು ಹಾಕಿದಳು. ಬಂಡಳ್ಳಿ ಹಾಕಿದೆ. ತಪ್ಪು. ಮುಳ್ಳೂರು ಹಾಕಿದೆ. ತಪ್ಪು. ದೊಡ್ಡವ್ವನನ್ನೇ ಕೇಳಿದೆ: "ದೊಡ್ಡವ್ವ, ನೀನ್ ಹುಟ್ಟಿದ್ದು ಹನೂರಲ್ವಾ?" ಅವಳು ತಲೆಯಾಡಿಸಿದಳು. "ಬಂಡಳ್ಳಿಯಾ?" ಅದಕ್ಕೂ ತಲೆಯಾಡಿಸಿದಳು. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ತಡ ಮಾಡಬೇಡಿ ಎಂದಿದ್ದ ಆ ಹುಡುಗಿ ಡಾಕ್ಟರ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ದೊಡ್ಡವ್ವನದೇ ದನಿ, ಅವಳೇ ಎದುರಿಗೆ ಕೂತಿದ್ದಾಳೆ, ಆದರೂ ಬಾಗಿಲು ತೆರೆಯುತ್ತಿಲ್ಲ. ನೀನು ನೀನೇ ಎಂದು ಸಾಬೀತು ಮಾಡು ಎನ್ನುತ್ತಿದೆ ಒಂದು ಯಂತ್ರ. ಹೇಗೆ ಮಾಡುತ್ತಾಳೆ ಅವಳು?

ಒಂದು ಬೆಳಿಗ್ಗೆ ಕೊಳ್ಳೇಗಾಲದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕಂಡಕ್ಟರು ಬಾಗಿಲಿಗೆ ಜೋತುಕೊಂಡು ಎಂದಿನಂತೆ ಕೂಗಿದ: "ಅನೂರ್ ಅನೂರ್ ಅನೂರ್! ರಾಮಾಪುರ, ಬೆಟ್ಟ, ಅನೂರ್!"

ಇಷ್ಟು ವರ್ಷ ದಿನಾ ಕೇಳಿದ ಕೂಗು. ಅವತ್ತು ಮಾತ್ರ ಕಾಲು ಅಲ್ಲೇ ನಿಂತಿತು. ದೊಡ್ಡವ್ವ ಹುಟ್ಟಿದಾಗಿನಿಂದ ಯಾವತ್ತಾದರೂ ಹನೂರು ಎಂದಿದ್ದಾಳೆಯೇ? ಅವಳು ಹೇಳಿದ್ದು ಅನೂರು, ಸೇಟು ಕೇಳಿಸಿಕೊಂಡದ್ದು ಅನೂರು. ಬಸ್ಸು ಬಿಟ್ಟೆ. ಶಾಲೆಗೆ ರಜೆ ಹೇಳಿ ಮುಳ್ಳೂರಿಗೆ ಓಡಿದೆ. ಹಕಾರ ಬಿಟ್ಟು ಒತ್ತಿದೆ. ಬಾಗಿಲು ತೆರೆಯಿತು. ಸಂತೋಷಕ್ಕೆ ನಾನು ರತ್ನನನ್ನು ತಬ್ಬಿಕೊಂಡೆ. ಮಾದೇಶಣ್ಣ, "ನಿನ್ ಕನ್ನಡ ಕಟ್ಕಂಡು ಎರಡ್ ವಾರ ಆಳಾಯ್ತಲ್ಲವ್ವ ಟೀಚರಮ್ಮ" ಎಂದ. ಅನ್ನಲಿ, ಅವನಿಗೆ ಹಕ್ಕಿತ್ತು.

ಒಳಗೆ ಹೋಗುವ ಮೊದಲು ಇನ್ನೊಂದು ಪುಟ ಬಂತು. ಷರತ್ತುಗಳು ಬದಲಾಗಿವೆ, ಓದಿ ಒಪ್ಪಿಕೊಳ್ಳಿ ಎಂದು. ಕನ್ನಡದಲ್ಲೇ ಇತ್ತು, ಅಂದರೆ ಅಕ್ಷರ ಕನ್ನಡದ್ದು. ನಿಮ್ಮ ವಿಷಯವು ಸದಾ ನಿಮ್ಮ ಒಡೆತನದಲ್ಲೇ ಉಳಿಯುತ್ತದೆ ಎಂದಿತ್ತು. ಅದರ ಕೆಳಗೆ, ಅದನ್ನು ಇಟ್ಟುಕೊಳ್ಳಲು, ನಕಲು ಮಾಡಲು, ಸೇವೆಗಳನ್ನು ಉತ್ತಮಪಡಿಸಲು ಬಳಸಿಕೊಳ್ಳಲು, ಇತರರಿಗೆ ವರ್ಗಾಯಿಸಲು ನೀವು ನಮಗೆ ಜಗತ್ತಿನಾದ್ಯಂತ ಅನುಮತಿಸತಕ್ಕದ್ದಾಗಿರುತ್ತದೆ ಎಂದಿತ್ತು. ಕರ್ತೃ ಯಾರು, ಕರ್ಮ ಯಾವುದು ಎಂದು ಹುಡುಕಿ ಸೋತೆ. ಹತ್ತನೇ ತರಗತಿಯವರು ಹೀಗೆ ಬರೆದಿದ್ದರೆ ಹಾಳೆ ಹರಿದು ಕೈಗೆ ಕೊಡುತ್ತಿದ್ದೆ.

"ಏನಂತೆ?" ಎಂದ ಮಾದೇಶಣ್ಣ.

"ದೊಡ್ಡವ್ವಂದೇ ಅಂತೆ. ಆದ್ರೆ ಅವರದ್ದೂ ಅಂತೆ."

"ಅದೆಂಗೆ?"

"ನನಗೂ ಗೊತ್ತಾಗ್ತಿಲ್ಲ ಕಣಣ್ಣ."

"ಗುತ್ಗೆಗೆ ಕೊಟ್ಟ ಗದ್ದೆ ಇದ್ದಂಗೆ ಅನ್ನು. ಗದ್ದೆ ನಮ್ದು, ಬೆಳೆ ಅವ್ರದು. ಸರಿ, ಒತ್ತು."

"ಒಪ್ಪದೆ ಇದ್ರೆ?" ಎಂದಳು ರತ್ನ. ಒಪ್ಪದಿದ್ದರೆ ಕೆಲವು ದಿನಗಳಲ್ಲಿ ಎಲ್ಲವೂ ಅಳಿಸಿಹೋಗುತ್ತದೆ ಎಂದು ಕೆಳಗೆ ಬರೆದಿತ್ತು. ನಾನು ದೊಡ್ಡವ್ವನ ಮುಂದೆ ಕೂತು, "ದೊಡ್ಡವ್ವ, ನಿನ್ನ ಫೋನಿನ ಮಾತು ತೆಗೀಲಾ?" ಎಂದು ಕೇಳಿದೆ. "ಊಂ" ಎಂದಳು. ತಲೆ ಮೇಲೆ ಕೆಳಗೆ ಆಡಿತು, ಆಮೇಲೆ ಅಡ್ಡಡ್ಡ ಆಡಿತು. "ಅವ್ವಂದು, ಅವ್ವನೇ ಒತ್ಲಿ" ಎಂದು ಮಾದೇಶಣ್ಣ ಅವಳ ಎಡಗೈಯ ಬೆರಳು ಹಿಡಿದು ಒಪ್ಪಿದ್ದೇನೆ ಎಂಬುದರ ಮೇಲೆ ಇಟ್ಟ. ಒತ್ತಿದ್ದು ಅವಳ ಬೆರಳೋ ಇವನ ಕೈಯೋ, ಪಕ್ಕದಲ್ಲೇ ಕೂತಿದ್ದ ನನಗೆ ತಿಳಿಯಲಿಲ್ಲ.

ಸಾಲು ಸಾಲು ದಾಖಲೆಗಳು. ಯಾವುದಕ್ಕೂ ಹೆಸರಿಲ್ಲ, ಬರೀ ತಾರೀಖು. ಮೇಲಿನದನ್ನು ಮುಟ್ಟಿದೆ. ನಡುಮನೆಯಲ್ಲಿ ದೊಡ್ಡವ್ವನ ದನಿ ಎದ್ದಿತು. ಹಳೆಯ ದನಿ, ಗಟ್ಟಿ, ಸ್ವಲ್ಪ ಒಡಕು. ಹಾಡಲ್ಲ ಅದು.

"ಮಾದಪ್ಪಾ, ಏನಪ್ಪಾ ಕಣ್ ಮುಚ್ಕಂಡ್ ಕುಂತಿದ್ದೀಯ? ನೆನ್ನೆ ಯೋಳಿದ್ನಲ್ಲ, ಏನ್ ಮಾಡ್ದೆ? ಬೆಟ್ಟ ಅತ್ತಿ ಬರಕೆ ನಂಗೆ ಮಂಡಿ ಬುಡಕುಲ್ಲ, ಅದ್ಕೇ ಇಲ್ಲಿಂದ್ಲೇ ಯೋಳ್ತಾ ಇವ್ನಿ. ಕ್ಯಾಳುಸ್ಕ. ನಮ್ ರತ್ನುನ್ ವಿಸ್ಯ ನಿಂಗೆ ಎಷ್ಟ್ ಕಿತ ಯೋಳ್ಳಪ್ಪಾ ನಾನು..."

ಮಂಚದ ಮೇಲಿದ್ದ ದೊಡ್ಡವ್ವ ಎಡಗೈಯಲ್ಲಿ ಹಾಸಿಗೆ ಬಡಿಯತೊಡಗಿದಳು. "ಊಂ! ಊಂ! ಊಂ!" ಕಣ್ಣು ದೊಡ್ಡದಾಗಿ, ಕತ್ತಿನ ನರ ಉಬ್ಬಿತು.

"ನೋಡ್ರವ್ವ, ದನಿ ಎಂಗೆ ಬತ್ತಾ ಅದೆ! ಡಾಕ್ಟ್ರಮ್ಮ ಯೋಳಿದ್ದು ದಿಟ. ಬುಡು, ಓಡ್ಲಿ!" ಎಂದು ಮಾದೇಶಣ್ಣ ಅತ್ತುಬಿಟ್ಟ.

"ನಿಲ್ಸಿ! ನಿಲ್ಸಿ ಅಂದೆ!" ರತ್ನ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು. ದೊಡ್ಡವ್ವ ಏದುಸಿರು ಬಿಡುತ್ತಿದ್ದಳು. ಆ ಸದ್ದು ನಿಲ್ಲಿಸಿ ಎಂದೋ, ಇನ್ನೂ ಕೇಳಿಸಿ ಎಂದೋ? ರತ್ನ ನಿಲ್ಲಿಸಿದ್ದು ಅತ್ತೆಯ ಸಂಕಟ ನೋಡಲಾರದೆಯೋ, ಮುಂದೆ ತನ್ನ ಬಗ್ಗೆ ಏನು ಬರುತ್ತದೋ ಎಂಬ ಭಯಕ್ಕೋ? ಅವತ್ತು ಗೊತ್ತಾಗಲಿಲ್ಲ, ಇವತ್ತೂ ಗೊತ್ತಿಲ್ಲ. ಕೇಳುವ ಧೈರ್ಯವೂ ನನಗಾಗಲಿಲ್ಲ.

ಅಲ್ಲಿಂದ ಮನೆ ಎರಡಾಯಿತು. ಆ ಸಾಲಿನಲ್ಲಿ ಹಾಡುಗಳೂ ಇರಬಹುದು. ಆದರೆ ಯಾವುದು ಹಾಡು, ಯಾವುದು ಮಾದಪ್ಪನ ಹತ್ತಿರದ ಮಾತು ಎಂದು ತಿಳಿಯಬೇಕಾದರೆ ಒಂದೊಂದನ್ನೂ ಕೇಳಲೇಬೇಕು. ಕೇಳದೆ ಇದ್ದರೆ ಅವಳ ಮಾತು ಶಾಶ್ವತವಾಗಿ ಹೋಗಬಹುದು.

"ಎತ್ತವ್ವನ ಮಾತ ಮಗ ಕೇಳುದ್ರೆ ಏನ್ ತಪ್ಪು?" ಎನ್ನುತ್ತಿದ್ದ ಮಾದೇಶಣ್ಣ. "ಯಾವನೋ ಕಂಪ್ನಿಯೋನು ಕೇಳ್ಬೋದು, ನಾನ್ ಕೇಳ್ಬಾರ್ದಾ?"

"ಅವ್ರು ನಿಮ್ಗೆ ಯೋಳಿದ್ದಲ್ವಲ್ಲ" ಎನ್ನುವಳು ರತ್ನ.

ಹಾಗೆನ್ನುವ ರತ್ನನೇ ಒಲೆಯ ಮುಂದೆ ಕೂತಾಗ ನನಗೆ ಮೆಲ್ಲಗೆ ಹೇಳಿದಳು: "ಟೀಚರೇ, ನನ್ ವಿಸ್ಯ ಅಂದ್ಮ್ಯಾಲೆ ಅದು ನಂದೂ ಅಲ್ವಾ? ಇಷ್ಟ್ ವರ್ಸ ಅವ್ರ್ ಜೊತೆ ಬಾಳಿದ್ದೀನಿ. ನನ್ ಬಗ್ಗೆ ದೇವ್ರತ್ರ ಚಾಡಿ ಯೋಳಿದ್ರೋ, ನಂಗೆ ಒಳ್ಳೇದು ಬೇಡಿದ್ರೋ, ಅಷ್ಟಾರ ಗೊತ್ತಾಗ್ಬಾರ್ದಾ ನಂಗೆ?"

ದೊಡ್ಡವ್ವನ ಮಾತು, ರತ್ನನ ವಿಷಯ, ಮಾದಪ್ಪನಿಗೆ ಹೇಳಿದ್ದು, ಕಂಪನಿಯವರ ಉಗ್ರಾಣದಲ್ಲಿದೆ, ಕೀಲಿಕೈ ನನ್ನ ಹತ್ತಿರ. ಐದು ಜನರಲ್ಲಿ ಅದು ಯಾರದ್ದು? ವ್ಯಾಕರಣದಲ್ಲಾದರೆ ಷಷ್ಠೀ ವಿಭಕ್ತಿ ಹಚ್ಚಿ ಮುಗಿಸಿಬಿಡಬಹುದು. ಇಲ್ಲಿ ಯಾರಿಗೆ ಹಚ್ಚಿದರೂ ಸರಿ ಅನ್ನಿಸುತ್ತಿತ್ತು, ಯಾರಿಗೆ ಹಚ್ಚಿದರೂ ತಪ್ಪು ಅನ್ನಿಸುತ್ತಿತ್ತು. ಫೋನು ರಾಗಿ ಪೆಟ್ಟಿಗೆಯ ಮೇಲೆ ಕೂತಿತ್ತು. ಯಾರೂ ಮುಟ್ಟುತ್ತಿರಲಿಲ್ಲ, ಎಲ್ಲರ ಕಣ್ಣೂ ಅದರ ಮೇಲೆ. ನಡುನಡುವೆ ತಾನಾಗಿಯೇ ಟಿಣ್ ಎಂದು, ನಿಮ್ಮ ಹಳೆಯ ನೆನಪುಗಳನ್ನು ಮತ್ತೆ ಆಲಿಸಿ ಎಂದು ಕರೆಯುತ್ತಿತ್ತು. ನಮ್ಮ ಮನೆಯ ಸಂಕಟ ಅದಕ್ಕೇನು ಗೊತ್ತು!

ದಾರಿ ಹುಡುಕಿದವಳು ರತ್ನನೇ. ಭಾದ್ರಪದದ ಒಂದು ಸಂಜೆ, ಹಿಂಗಾರಿನ ಮೊದಲ ಮಳೆ ಹೊಡೆದು ನಿಂತಿತ್ತು. ಅವಳು ಕೈಕಾಲು ಮುಖ ತೊಳೆದು, ಹಣೆಗೆ ಇಟ್ಟುಕೊಂಡು, ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿ, ಪಕ್ಕದಲ್ಲಿ ಫೋನು ಇಟ್ಟು ಅತ್ತೆಯ ಮುಂದೆ ಹಿಡಿದಳು.

"ಅತ್ತೆ, ನೀವ್ ತಲೆಯಾಡುಸ್ಬ್ಯಾಡಿ, ಬಾಯಲ್ಲೂ ಏನೂ ಅನ್ಬ್ಯಾಡಿ. ಇದ್ರಲ್ಲಿರದ ನಾವು ಕೇಳ್ಬೋದು ಅನ್ನೋದಾದ್ರೆ ಎಲೆ ಅಡ್ಕೆ ತಕಳಿ."

ದೊಡ್ಡವ್ವ ತಟ್ಟೆಯನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಎಡಗೈ ಎತ್ತಿ, ತಟ್ಟೆಯ ಅಂಚಿಗೆ ಬೆರಳಿಟ್ಟು, ಮೆಲ್ಲಗೆ ರತ್ನನ ಕಡೆಗೇ ಸರಿಸಿದಳು. ಯಜಮಾನರ ಮನೆಯಲ್ಲಿ ಸರಿಸಿದ ಹಾಗೆಯೇ. ತಲೆ ಏನಾದರೂ ಹೇಳಲಿ, ಕೈಗೆ ಮರೆತಿರಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವಳಿಂದ ನಮಗೆ ಸಿಕ್ಕ ಮೊದಲ ಸ್ಪಷ್ಟ ಉತ್ತರ ಅದು, ಅದೂ ನಮಗೆ ಬೇಡವಾದ ಉತ್ತರ. ರತ್ನನ ಕಣ್ಣು ತುಂಬಿತು. "ಅವ್ವಾ, ಮಾತ್ ಬರದ್ ಬ್ಯಾಡ್ವಾ ನಿಂಗೆ?" ಎಂದು ಮಾದೇಶಣ್ಣ ಕೂಗಾಡಿ ಗದ್ದೆ ಕಡೆ ಹೊರಟುಹೋದ.

ರತ್ನ ಫೋನನ್ನು ತೆಗೆದು ಪಕ್ಕಕ್ಕಿಟ್ಟು, ಬರೀ ಎಲೆ ಅಡಿಕೆಯ ತಟ್ಟೆಯನ್ನು ಮತ್ತೆ ಮುಂದಕ್ಕೆ ತಳ್ಳಿ, "ಓಗ್ಲಿ, ಗೌರಕ್ಕನ ಕರುಸ್ತೀನಿ. ಜೊತೇಲಿ ಕುಂತ್ಕತೀರಾ?" ಎಂದಳು. ದೊಡ್ಡವ್ವ ಎಲೆಯನ್ನು ಎತ್ತಿಕೊಂಡಳು. ಅಡಿಕೆ ಕೈಜಾರಿ ಬಿತ್ತು. ರತ್ನ ಹುಡುಕಿ ಕೈಗಿಟ್ಟಳು.

ಗೌರಮ್ಮ ದಿನಾ ಹೊತ್ತು ಮುಳುಗುವ ಮೊದಲು ಬರತೊಡಗಿದಳು. ಮೊದಮೊದಲು ಅವಳೊಬ್ಬಳೇ ಹಾಡುವುದು, ದೊಡ್ಡವ್ವ ನೋಡುವುದು. ಒಂದು ದಿನ ಗೌರಮ್ಮ ಒಂದು ಸಾಲನ್ನು ತಪ್ಪು ಎತ್ತಿದಳು. ದೊಡ್ಡವ್ವ ತೊಡೆ ಬಡಿದಳು. ಗೌರಮ್ಮ ಮತ್ತೆ ತಪ್ಪಿದಳು. ಬೇಕೆಂದೇ ತಪ್ಪಿದಳೋ ಏನೋ, ಅವಳನ್ನು ಕೇಳಿದರೆ ನಗುತ್ತಾಳೆ. ಆಗ ದೊಡ್ಡವ್ವನ ಗಂಟಲಿನಿಂದ, ಓರೆಯಾದ ಬಾಯಿಂದ, ಪಲ್ಲವಿ ಬಂತು. "ಸೋಬಾನವೇ" ಎಂಬ ಅಷ್ಟೂ ಅಕ್ಷರ ಪೂರ್ತಿಯಾಗಿ. ಅಡಿಗೆ ಮನೆಯಲ್ಲಿದ್ದ ರತ್ನ ಸೌಟು ಹಿಡಿದುಕೊಂಡೇ ಓಡಿಬಂದಳು.

ಆದರೆ ಹಾಡು ಬಂದ ಮಾತ್ರಕ್ಕೆ ಮಾತು ಬರಲಿಲ್ಲ. ಇಡೀ ಸಾಲು ಹಾಡುವಳು, ನೀರು ಬೇಕೆಂದರೆ ಮತ್ತೆ "ಊಂ". "ಆಡಕ್ಕಾಗ್ತದೆ, ನೀರ್ ಕೇಳಕ್ಕಾಗಕುಲ್ವಾ? ಏನೋ ನಾಟ್ಕ" ಎಂದು ಬೀದಿಯವರು ಆಡಿಕೊಂಡರು. ಯಳಂದೂರಿನ ಡಾಕ್ಟರು, "ನೀರನ್ನೂ ರಾಗವಾಗಿ ಕೇಳೋದು ಕಲಿಸಿ" ಎಂದರು. ಹಾಗಾಗಿ ಆ ಕಾರ್ತೀಕವೆಲ್ಲ ನಮ್ಮ ಮನೆಯಲ್ಲಿ ನೀರು, ಟೀ, ಮುದ್ದೆ, ಬಚ್ಚಲು ಎಲ್ಲಕ್ಕೂ ಸೋಬಾನೆಯ ಧಾಟಿ. ನಗಬೇಕೋ ಅಳಬೇಕೋ ತಿಳಿಯದೆ ನಾವು ಎರಡನ್ನೂ ಮಾಡಿದೆವು. ಫೋನಿನೊಳಗಿನ ದನಿ ಕೇಳಿಸಿದ್ದರೆ ಇನ್ನೂ ಬೇಗ ಬರುತ್ತಿತ್ತೇ? ಇರಬಹುದು. ಮಾದೇಶಣ್ಣ ಈಗಲೂ ಹಾಗೆಯೇ ಅನ್ನುತ್ತಾನೆ.

ಸಂಕ್ರಾಂತಿ ಹತ್ತಿರವಾಗುವ ಹೊತ್ತಿಗೆ ಧಾಟಿಯಿಲ್ಲದ ಪದಗಳೂ ಒಂದೊಂದಾಗಿ ಬರತೊಡಗಿದವು. ಹೌದು, ಇಲ್ಲ ಎರಡೂ ತಮ್ಮ ಜಾಗಕ್ಕೆ ಬಂದವು. ಒಂದು ಭಾನುವಾರ ನಾನು ಹಿತ್ತಲಲ್ಲಿ ಅವಳ ತಲೆ ಬಾಚುತ್ತಿದ್ದೆ, ರತ್ನ ಅವರೆಕಾಯಿ ಸುಲಿಯುತ್ತಿದ್ದಳು.

"ಪೋನು" ಎಂದಳು ದೊಡ್ಡವ್ವ. ತಂದುಕೊಟ್ಟೆ. "ಅಳ್ಸು" ಎಂದಳು.

"ಎಲ್ಲಾನೂ?"

"ಎಲ್ಲಾನೂವೆ."

ರತ್ನನ ಕೈ ಅವರೆಕಾಯಿಯ ಮೇಲೆ ನಿಂತಿತು. ಅವಳು ತಲೆ ಎತ್ತಲಿಲ್ಲ. ನಾನು ತಡೆದುಕೊಳ್ಳಲಾರದೆ ಕೇಳಿದೆ: "ಅಲ್ಲ ದೊಡ್ಡವ್ವ, ಮಾದಪ್ಪನಿಗೆ ಹೇಳೋದನ್ನ ಫೋನಿಗೆ ಯಾಕೆ ಹೇಳ್ದೆ?"

ಅವಳು ಪದಗಳನ್ನು ಹುಡುಕಿ ಹುಡುಕಿ ಜೋಡಿಸಿದಳು. "ಸೇಟು... ಯೋಳ್ದ. ಮ್ಯಾಲಕ್ಕೋಯ್ತದೆ... ಅಂತ."

ನಮ್ಮ ಕಡೆಯವರಿಗೆ ಮೇಲೆ ಎಂದರೆ ಬೆಟ್ಟ, ಬೆಟ್ಟ ಎಂದರೆ ಮಾದಪ್ಪ. ಅವಳು ನಿಜವಾಗಿ ಹಾಗೆ ನಂಬಿದ್ದಳೋ, ಹೋದರೆ ಹೋಗಲಿ ಎಂದು ಒಂದು ಕೈ ನೋಡಿದ್ದಳೋ, ಅವಳ ಮುಖದಿಂದ ಹೇಳುವಂತಿರಲಿಲ್ಲ. ಅದು ಹೋಗಿದ್ದು ಕಂಪನಿಯವರ ಹತ್ತಿರ ಎಂದು ಮಾತ್ರ ಅವಳಿಗೆ ಈಗ ಅರ್ಥವಾಗಿತ್ತು.

ಅಳಿಸು ಎಂಬುದನ್ನು ತೋರಿಸಿದೆ. ಈ ಸಲ ಯಾರೂ ಅವಳ ಕೈ ಹಿಡಿಯಲಿಲ್ಲ, ಅವಳೇ ಒತ್ತಿದಳು. ಎಲ್ಲವನ್ನೂ ಅಳಿಸಲಾಗಿದೆ, ಆದರೆ ಕೆಲವು ಪ್ರತಿಗಳು ನಮ್ಮ ಸಂಗ್ರಹದಲ್ಲಿ ಸ್ವಲ್ಪ ಕಾಲ ಉಳಿಯಬಹುದು ಎಂದು ಅಕ್ಷರ ಮೂಡಿತು.

"ಓಯ್ತಾ?" ಎಂದಳು.

"ಗೊತ್ತಿಲ್ಲ ದೊಡ್ಡವ್ವ" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ಅವ್ರು... ಕೇಳುದ್ರಾ?"

"ಅದೂ ಗೊತ್ತಿಲ್ಲ."

ಅವಳು ಫೋನನ್ನು ನನ್ನ ಮಡಿಲಿಗೆ ಹಾಕಿದಳು. ಆಗ ರತ್ನ ಬಾಯಿಬಿಟ್ಟಳು. ತನ್ನ ವಿಷಯ ಏನು ಹೇಳಿದಿರಿ ಎಂದು ಕೇಳುತ್ತಾಳೆಂದು ನಾನು ಕಾದೆ. ಅವಳು ಅದನ್ನು ಕೇಳಲಿಲ್ಲ.

"ಅತ್ತೆ, ಮಾದಪ್ಪ ಕೇಳುಸ್ಕಂಡ್ನಾ?"

ದೊಡ್ಡವ್ವ ಸೊಸೆಯ ಮುಖವನ್ನೇ ನೋಡಿದಳು. "ನಂಗೂ... ಗೊತ್ತಿಲ್ಲ ಕಣವ್ವ" ಎಂದಳು. "ಅದ್ಕೇ... ದಿನಾ ಯೋಳ್ತಿದ್ದೆ."